ಕಂಪ್ಯೂಟರ್‌ಗೆ ಸಬ್ ವೂಫರ್ ಸ್ಪೀಕರ್: ಕಮ್ಮಿ ದುಡ್ಡಲ್ಲಿ ಯಾವ್ದು ತಗೊಳ್ಳೋದು, ಹೆಂಗೆ ಕೇಳಿ ತಗೊಳ್ಳೋದು

ಚಿಕ್ಕಮಗಳೂರಲ್ಲಿ ಎಂಜಿ ರೋಡ್ ಆಗ್ಲಿ ಐಜಿ ರೋಡ್ ಆಗ್ಲಿ, ಕಂಪ್ಯೂಟರ್ ಅಂಗಡಿಗೆ ಹೋಗಿ ಒಂದು 2.1 ಸ್ಪೀಕರ್ ತೋರ್ಸಿ ಅಂದ್ರೆ ಹೆಚ್ಚಾಗಿ ನಡೆಯೋದು ಹಿಂಗೆ: ಬಜೆಟ್ ಎಷ್ಟು ಅಂತ ಕೇಳ್ತಾರೆ, ಡಬ್ಬ ಇಳಿಸ್ತಾರೆ, ಬಾಸ್ ಫುಲ್ ತಿರುಗ್ಸಿ ಒಂದು ಡಿಜೆ ಹಾಡು ಹಾಕ್ತಾರೆ, ಶೋಕೇಸ್ ಗಾಜು ಗಡಗಡ ಅನ್ನುತ್ತೆ, ತಗೊಳ್ಳೋಕೆ ಬಂದೋರು ಖುಷಿಯಾಗಿ ಬಿಲ್ ಹಾಕ್ಸಿಬಿಡ್ತಾರೆ. ಮನೆಗೆ ತಂದು ನಾಕು ದಿನ ಆದ್ಮೇಲೆ ಗೊತ್ತಾಗುತ್ತೆ, ಸಿನಿಮಾದಲ್ಲಿ ಮಾತು ಬಿಡಿಸಿ ಕೇಳ್ಸಲ್ಲ, ಆನ್‌ಲೈನ್ ಕ್ಲಾಸಲ್ಲಿ ಮೇಷ್ಟ್ರ ಧ್ವನಿ ಗುಂಯ್ ಅನ್ನುತ್ತೆ, ಹಾಡಲ್ಲಿ ಧಮ್ ಧಮ್ ಬಿಟ್ರೆ ಕೊಳಲೂ ಇಲ್ಲ ಪಿಟೀಲೂ ಇಲ್ಲ.

ಅದಕ್ಕೆ ಮೊದಲೇ ಹೇಳ್ಬಿಡ್ತೀನಿ, ಸಬ್ ವೂಫರ್ ನೋಡಿ ಸೆಟ್ ತಗೋಬೇಡಿ, ಪಕ್ಕದಲ್ಲಿರೋ ಎರಡು ಸಣ್ಣ ಬಾಕ್ಸ್ ಕೇಳಿ ತಗೊಳ್ಳಿ. ಮಾತು, ಹಾಡೋರ ಧ್ವನಿ, ವಯಲಿನ್ನು, ಗಿಟಾರು, ಕೀಬೋರ್ಡು, ಗೇಮಲ್ಲಿ ಹೆಜ್ಜೆ ಸದ್ದು, ಇದರಲ್ಲಿ ಮುಕ್ಕಾಲು ಪಾಲು ಬರೋದು ಆ ಸಣ್ಣ ಬಾಕ್ಸಿಂದ, ಕೆಳಗಿರೋ ದೊಡ್ಡ ಬಾಕ್ಸ್ ಕೆಲಸ ಅಡಿಪಾಯ ಹಾಕೋದು ಅಷ್ಟೇ. ಕಮ್ಮಿ ಬೆಲೆ ಸೆಟ್ ಮಾಡೋ ಕಂಪನಿಗಳು ದುಡ್ಡು ಉಳಿಸೋದು ಎಲ್ಲಿ ಅಂತ ನೋಡಿದ್ರೆ ಇಲ್ಲೇ, ಅಂಗಡಿಯಲ್ಲಿ ಸದ್ದು ಮಾಡೋ ಸಬ್‌ಗೆ ಖರ್ಚು ಮಾಡಿ ಸಣ್ಣ ಬಾಕ್ಸಲ್ಲಿ ಎರಡೋ ಎರಡೂವರೆನೋ ಇಂಚಿನ ಒಂದು ಅಗ್ಗದ ಪೇಪರ್ ಕೋನ್ ಕೂರ್ಸಿರ್ತಾರೆ.

ಮೊದ್ಲು ನಿಮಗೆ ಸಬ್ ಬೇಕಾ ಅನ್ನೋದು

2.1 ಅಂದ್ರೆ ಎರಡು ಸಣ್ಣ ಸ್ಪೀಕರ್ ಮತ್ತೆ ಒಂದು ಸಬ್. 2.0 ಅಂದ್ರೆ ಸಬ್ ಇಲ್ದೆ ಬರೀ ಎರಡು. ಒಂದೇ ದುಡ್ಡಿಗೆ ಎರಡೂ ಸಿಗುತ್ತೆ ಅಂದಾಗ ಜನ ಕಣ್ಮುಚ್ಕೊಂಡು 2.1 ಕಡೆ ಹೋಗ್ತಾರೆ, ಮೂರು ಬಾಕ್ಸ್ ಸಿಗುತ್ತಲ್ಲ ಅಂತ. ಆದ್ರೆ ಎರಡು ಸಾವಿರ ರೂಪಾಯಿನ ಮೂರು ಬಾಕ್ಸ್‌ಗೆ ಹಂಚೋದಕ್ಕೂ ಎರಡು ಬಾಕ್ಸ್‌ಗೆ ಹಂಚೋದಕ್ಕೂ ವ್ಯತ್ಯಾಸ ಇದೆ ಅಲ್ವಾ. ನಿಮ್ದು ಹೆಚ್ಚಾಗಿ ಕ್ಲಾಸು, ಮೀಟಿಂಗು, ನ್ಯೂಸು, ಕರ್ನಾಟಕ ಸಂಗೀತ, ಭಾವಗೀತೆ, ಭಾಷಣ ಕೇಳೋದೇ ಆದ್ರೆ ಒಳ್ಳೆ 2.0 ಸೆಟ್ ಸಾಕು, ನಾನಂತೂ ಅದನ್ನೇ ಹೇಳ್ತೀನಿ. ಸಿನಿಮಾ, ಗೇಮ್, ಈಗಿನ ಸಿನಿಮಾ ಹಾಡು, ಡೊಳ್ಳು ತಮಟೆ ಇರೋ ಜಾನಪದ, ಇಂಥದ್ದು ಜಾಸ್ತಿ ಇದ್ರೆ ಸಬ್ ಬೇಕು, ಅದಿಲ್ದೆ ಹೊಟ್ಟೆ ತುಂಬಲ್ಲ.

ಎಐಟಿ ಎಂಜಿನಿಯರಿಂಗ್ ಕಾಲೇಜ್ ಕಡೆ ಪಿಜಿಯಲ್ಲೋ ಹಾಸ್ಟೆಲಲ್ಲೋ ಇರೋ ಹುಡುಗ್ರು ಇನ್ನೊಂದು ಯೋಚ್ನೆ ಮಾಡಿ, ಸಬ್ ಸದ್ದು ಗೋಡೆ ದಾಟಿ ಹೋಗುತ್ತೆ. ಸಣ್ಣ ಸ್ಪೀಕರ್ ಸದ್ದನ್ನ ಬಾಗಿಲು ಹಾಕಿದ್ರೆ ತಡೀಬೋದು, ಕೆಳಗಿನ ಸ್ವರಗಳು ಗೋಡೆ, ನೆಲ ಎಲ್ಲ ತೂರ್ಕೊಂಡು ಪಕ್ಕದ ರೂಮಿಗೆ ಮುಟ್ಟುತ್ತೆ, ರಾತ್ರಿ ಹನ್ನೊಂದು ಗಂಟೆಗೆ ಮೇಲಿನ ಮನೆ ಆಂಟಿ ಬಂದು ಬಾಗಿಲು ಬಡಿಯೋದು ಇದಕ್ಕೇ.

ಸೌಂಡ್‌ಬಾರ್ ಬಗ್ಗೆನೂ ಕೇಳ್ತಾರೆ. ಮಾನಿಟರ್ ಕೆಳಗೆ ಇಡೋ ಸಣ್ಣ ಬಾರ್‌ನಲ್ಲಿ ಎಡ ಬಲ ಎರಡೂ ಒಂದೂವರೆ ಅಡಿ ಒಳಗೇ ಇರೋದ್ರಿಂದ ಸ್ಟೀರಿಯೋ ಅಗಲ ಸಿಗಲ್ಲ, ಟೇಬಲಲ್ಲಿ ಜಾಗ ಇಲ್ಲ ಅನ್ನೋರಿಗೆ ಮಾತ್ರ.

ವಾಟ್ಸ್ ಲೆಕ್ಕ

ಡಬ್ಬದ ಮೇಲೆ ದೊಡ್ಡಕ್ಷರದಲ್ಲಿ 2000 ವಾಟ್ ಪಿಎಂಪಿಒ ಅಂತ ಇದ್ರೆ ಆ ನಂಬರನ್ನ ಮರ್ತುಬಿಡಿ. ಪಿಎಂಪಿಒ ಅಳೆಯೋಕೆ ಯಾವ ಸ್ಟ್ಯಾಂಡರ್ಡೂ ಇಲ್ಲ, ಕಂಪನಿ ಏನು ಬೇಕಾದ್ರೂ ಬರ್ಕೋಬೋದು. ನೋಡ್ಬೇಕಾಗಿರೋದು ಆರ್‌ಎಂಎಸ್, ಅಂದ್ರೆ ಆಂಪ್ಲಿಫೈಯರ್ ನಿಲ್ಲಿಸ್ದೆ ಕೊಡೋ ಪವರ್. ಪೀಕ್ ಅಂತ ಇರೋದನ್ನೂ ಹುಷಾರಾಗಿ ನೋಡಿ, ಲಾಜಿಟೆಕ್ ಝಡ್333ಗೆ 80 ವಾಟ್ ಪೀಕ್ ಅಂತಾರೆ, ಆರ್‌ಎಂಎಸ್ 40 ವಾಟ್.

ಆರ್‌ಎಂಎಸ್ಸೇ ಆದ್ರೂ ಜಾಸ್ತಿ ಇದ್ದಷ್ಟು ಒಳ್ಳೇದು ಅಂದ್ಕೋಬೇಡಿ. ವಾಟ್ ಡಬಲ್ ಆದ್ರೆ ಸದ್ದು ಏರೋದು ಬರೀ 3 ಡೆಸಿಬಲ್, ಕಿವಿಗೆ ಸ್ವಲ್ಪ ಜಾಸ್ತಿ ಆಯ್ತೇನೋ ಅನ್ಸುತ್ತೆ ಅಷ್ಟೇ. ಕಿವಿಗೆ ಎರಡರಷ್ಟು ಜೋರು ಅನ್ನಿಸ್ಬೇಕಾದ್ರೆ ಸುಮಾರು ಹತ್ತರಷ್ಟು ಪವರ್ ಬೇಕು. ಅಂದ್ರೆ 35 ವಾಟ್ ಸೆಟ್‌ಗೂ 50 ವಾಟ್ ಸೆಟ್‌ಗೂ ಸಾವಿರ ರೂಪಾಯಿ ವ್ಯತ್ಯಾಸ ಇದ್ರೆ ಆ ಸಾವಿರ ಜೋರಿಗೆ ಅಂತ ಕೊಡೋದು ದಂಡ. ಕಂಪ್ಯೂಟರ್ ಮುಂದೆ ಕೂತಾಗ ಸ್ಪೀಕರ್ ನಮ್ಮಿಂದ ಎರಡು ಎರಡೂವರೆ ಅಡಿ ದೂರದಲ್ಲಿರುತ್ತೆ, ಅಷ್ಟು ಹತ್ರಕ್ಕೆ ಒಂದೆರಡು ವಾಟ್‌ನಲ್ಲೇ ಕಿವಿ ತುಂಬೋಷ್ಟು ಸದ್ದು ಬರುತ್ತೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡೋರಿಗೆ ಹೇಳೋದು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ ಅಂತ, ಹಂಗಾಗಿ ಒಬ್ರೇ ಕೂತು ಕೇಳೋ ರೂಮಿಗೆ 25ರಿಂದ 40 ವಾಟ್ ಆರ್‌ಎಂಎಸ್ ಧಾರಾಳ ಸಾಕು. ಹಾಲಲ್ಲಿ ಮನೆಯವರೆಲ್ಲ ಕೂತು ನೋಡೋದಿದ್ರೆ ಮಾತ್ರ 60 ಮೇಲೆ ಹೋಗಿ.

ಅದ್ರ ಜೊತೆಗೆ 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್ ಅಂತ ಬರೆದಿರ್ತಾರೆ ನೋಡಿ (ಹರ್ಟ್ಜ್ ಅಂದ್ರೆ ಸದ್ದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತೆ ಅನ್ನೋ ಲೆಕ್ಕ, ನಂಬರ್ ಕಮ್ಮಿ ಆದಷ್ಟು ಸ್ವರ ಕೆಳಗೆ), ಅದು ಮನುಷ್ಯರ ಕಿವಿಯ ಅಳತೆ, ಸ್ಪೀಕರ್‌ದಲ್ಲ. ನಾಕು ಇಂಚಿನ ಸಬ್ 20 ಹರ್ಟ್ಜ್ ನುಡಿಸೋದು ಸಾಧ್ಯನೇ ಇಲ್ಲ, 50–60 ಕೆಳಗೆ ಅದ್ರ ಉಸಿರು ನಿಲ್ಲುತ್ತೆ. ಬಾಸ್ ಗಿಟಾರಿನ ತೀರಾ ಕೆಳಗಿನ ತಂತಿ 41 ಹರ್ಟ್ಜ್, ಅದು ಪೂರ್ತಿ ಈ ಬೆಲೆಯಲ್ಲಿ ಸಿಗಲ್ಲ, ಸಿಗದೇ ಇದ್ರೂ ನಡೆಯುತ್ತೆ. ಎಡಿಫೈಯರ್ ಆರ್1280ಟಿ ಅನ್ನೋ 2.0 ಸೆಟ್‌ಗೆ ಕಂಪನಿಯವ್ರೇ 75 ಹರ್ಟ್ಜ್‌ನಿಂದ 18 ಕಿಲೋಹರ್ಟ್ಜ್ ಅಂತ ಬರೆದಿದ್ದಾರೆ, ಡಬ್ಬದ ಮೇಲೆ ಓದೋಕೆ ಕಮ್ಮಿ ಅನ್ಸುತ್ತೆ ಆದ್ರೆ ಇಂಥ ನಂಬರ್ ಬರೆಯೋ ಕಂಪನಿನ ನಂಬ್ಬೋದು.

ಮಾತು ಕಾಲ ಬುಡದಿಂದ ಬರುತ್ತಾ?

ಈ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ ಯಾಕಂದ್ರೆ ಅಂಗಡಿಯವ್ರು ಯಾರೂ ಹೇಳಲ್ಲ. ಸೆಟ್ ಒಳಗೆ ಯಾವ ಸ್ವರ ಸಬ್‌ಗೆ ಹೋಗ್ಬೇಕು ಯಾವ್ದು ಸಣ್ಣ ಬಾಕ್ಸ್‌ಗೆ ಹೋಗ್ಬೇಕು ಅಂತ ಪಾಲು ಮಾಡೋ ಒಂದು ಗಡಿ ಇರುತ್ತೆ, ಅದಕ್ಕೆ ಕ್ರಾಸೋವರ್ ಅಂತಾರೆ. ದೊಡ್ಡ ಹೋಮ್ ಥಿಯೇಟರ್‌ನಲ್ಲಿ ಈ ಗಡಿ 80 ಹರ್ಟ್ಜ್ ಸುತ್ತ ಇಡ್ತಾರೆ, ಅದಕ್ಕಿಂತ ಕೆಳಗಿನ ಸದ್ದು ಎಲ್ಲಿಂದ ಬರ್ತಿದೆ ಅಂತ ಕಿವಿಗೆ ಗೊತ್ತಾಗಲ್ಲ, ಸಬ್ ಎಲ್ಲಿಟ್ರೂ ನಡೆಯುತ್ತೆ. ಆದ್ರೆ ನಮ್ಮ ಕಮ್ಮಿ ಬೆಲೆ ಸೆಟ್‌ನಲ್ಲಿ ಸಣ್ಣ ಬಾಕ್ಸ್ ಎರಡೂವರೆ ಇಂಚಿಂದು, ಅದಕ್ಕೆ 150–200 ಹರ್ಟ್ಜ್ ಕೆಳಗೆ ಇಳಿಯೋಕೆ ತ್ರಾಣ ಇಲ್ಲ, ಹಂಗಾಗಿ ಗಡಿನ ಮೇಲಕ್ಕೆ ತಂದಿರ್ತಾರೆ. ಗಂಡಸ್ರ ಮಾತಿನ ಮೂಲ ಸ್ವರ ಇರೋದು ಸುಮಾರು 85ರಿಂದ 180 ಹರ್ಟ್ಜ್‌ನಲ್ಲಿ, ಹೆಂಗಸ್ರದ್ದು 165ರಿಂದ 255. ಅಂದ್ರೆ ಏನಾಯ್ತು, ಗಂಡಸ್ರ ಧ್ವನಿಯ ಬುಡ ಪೂರ್ತಿ ಸಬ್‌ಗೆ ಹೋಯ್ತು, ತಲೆ ಭಾಗ ಮೇಲಿನ ಬಾಕ್ಸಲ್ಲಿ ಉಳೀತು. ನ್ಯೂಸ್ ಓದೋರು ಅರ್ಧ ಟೇಬಲ್ ಮೇಲೆ ಅರ್ಧ ಕಾಲ ಬುಡದಲ್ಲಿ ಕೂತು ಮಾತಾಡ್ದಂಗೆ ಕೇಳ್ಸುತ್ತೆ.

ಪರೀಕ್ಷೆ ಸುಲಭ ಇದೆ. ಗಡಸು ಧ್ವನಿಯ ಗಂಡಸ್ರು ಮಾತಾಡೋ ಒಂದು ವಿಡಿಯೋ ಹಾಕಿ, ಕಣ್ಮುಚ್ಚಿ ಕೂರಿ, ಧ್ವನಿ ಎಲ್ಲಿಂದ ಬರ್ತಿದೆ ಅಂತ ಬೆರಳು ತೋರ್ಸಿ. ಬೆರಳು ಮಾನಿಟರ್ ಮಧ್ಯಕ್ಕೆ ಹೋದ್ರೆ ಸೆಟ್ ಚೆನ್ನಾಗಿದೆ, ನೆಲದ ಕಡೆ ಹೋದ್ರೆ ಬಾಸ್ ಇಳ್ಸಿ ಮತ್ತೆ ಕೇಳಿ, ಬಾಸ್ ಕಾಲು ಭಾಗಕ್ಕೆ ಇಳ್ಸಿದ್ರೂ ಕೆಳಗೇ ಇದ್ರೆ ಆ ಸೆಟ್ ಬೇಡ.

ಇದಕ್ಕೇ ಬಾಸ್‌ಗೆ ಬೇರೆ ತಿರುಗಣೆ ಇರೋ ಸೆಟ್ಟೇ ಆದಷ್ಟು ನೋಡಿ ಅಂತ ನಾನು ಹೇಳೋದು. ವಾಲ್ಯೂಮ್ ಒಂದೇ ಇದ್ದು ಬಾಸ್ ಕಂಟ್ರೋಲ್ ಇಲ್ದಿರೋ ಸೆಟ್ ಎಷ್ಟೇ ಒಳ್ಳೆ ಕಂಪನಿದಾದ್ರೂ ರೂಮಿಗೆ ತಕ್ಕಂಗೆ ಹೊಂದಿಸೋಕೆ ಆಗಲ್ಲ, ರಾತ್ರಿ ಹೊತ್ತು ಬಾಸ್ ಇಳ್ಸೋಕೂ ಆಗಲ್ಲ.

ಅಂಗಡಿಯಲ್ಲಿ ಏನು ಹಾಕಿ ಕೇಳ್ಬೇಕು

ಅವರ ಪೆನ್ ಡ್ರೈವ್ ಬೇಡ, ನಿಮ್ಮ ಮೊಬೈಲ್ ತಗೊಂಡ್ಹೋಗಿ, ಸಾಧ್ಯ ಆದ್ರೆ ಆಕ್ಸ್ ವೈರ್ ಹಾಕಿ ಕೇಳಿ, ನಿಮಗೆ ಚೆನ್ನಾಗಿ ಗೊತ್ತಿರೋ ಹಾಡೇ ಆಗ್ಬೇಕು. ನಮ್ಮ ಕಡೆಯೋರಿಗೆ ನಾನು ಹೇಳೋ ಅತ್ಯುತ್ತಮ ಪರೀಕ್ಷೆ ಅಂದ್ರೆ ಯಕ್ಷಗಾನ. ಕೊಪ್ಪ ಶೃಂಗೇರಿ ಕಡೆ ಆಟ ನೋಡಿ ಬೆಳೆದೋರಿಗೆ ಚೆಂಡೆ ಮದ್ದಳೆ ನಿಜವಾಗ್ಲೂ ಹೆಂಗೆ ಕೇಳ್ಸುತ್ತೆ ಅಂತ ಕಿವಿಯಲ್ಲೇ ಇರುತ್ತೆ. ಚೆಂಡೆ ಪೆಟ್ಟು ಚಟ್ ಅಂತ ಚೂಪಾಗಿ ಬರ್ಬೇಕು, ಅದು ಸಬ್ ಕೆಲಸನೇ ಅಲ್ಲ, ಸಣ್ಣ ಬಾಕ್ಸ್‌ದು, ಕೆಟ್ಟ ಸೆಟ್‌ನಲ್ಲಿ ಅದು ತಗಡಿಗೆ ಕೋಲಲ್ಲಿ ಹೊಡೆದಂಗೆ ಕೇಳ್ಸುತ್ತೆ. ಮದ್ದಳೆ ಎಡಗೈ ಪೆಟ್ಟು ದುಂಡಗೆ ಬಂದು ನಿಲ್ಬೇಕು, ಹೊಡೆದು ಕೈ ತೆಗೆದ್ಮೇಲೂ ಊಂ ಅಂತ ಎಳೀತಿದ್ರೆ ಸಬ್ ಬಾಕ್ಸ್ ಸರಿಯಿಲ್ಲ. ಇವೆರಡರ ಮಧ್ಯೆ ಭಾಗವತರ ಧ್ವನಿ ಬಿಡಿಬಿಡಿಯಾಗಿ, ಪದದ ಅಕ್ಷರ ಅಕ್ಷರ ತಿಳಿಯೋ ಹಂಗೆ ಇರ್ಬೇಕು. ಏರುಪದದಲ್ಲಿ ಮೂರೂ ಒಟ್ಟಿಗೆ ಬಂದಾಗ ಎಲ್ಲ ಕಲಸುಮೇಲೋಗರ ಆಗಿ ಗದ್ದಲ ಕೇಳಿದ್ರೆ ಸ್ಪೀಕರ್ ಸೋತಿದೆ ಅಂತ ಲೆಕ್ಕ.

ಅದಾದ್ಮೇಲೆ ಒಂದು ಹೆಂಗಸ್ರ ಧ್ವನಿಯ ಹಾಡು, ಸ ಶ ಷ ಅಕ್ಷರ ಬಂದಾಗ ಕಿವಿಗೆ ಚುಚ್ಚುತ್ತಾ ನೋಡಿ. ಬಾಸ್ ಇರೋ ಹಾಡು ಕೊನೆಗೆ ಹಾಕಿ, ಮೊದ್ಲು ಹಾಕಿದ್ರೆ ಕಿವಿ ಮರುಳಾಗುತ್ತೆ.

ಸದ್ದೇ ಇಲ್ದಾಗ ಕೇಳೋದೂ ಮುಖ್ಯ. ಹಾಡು ನಿಲ್ಸಿ ವಾಲ್ಯೂಮ್ ಮುಕ್ಕಾಲಕ್ಕೆ ಏರ್ಸಿ, ಸಣ್ಣ ಬಾಕ್ಸಿಗೆ ಕಿವಿ ಕೊಡಿ, ಸ್ವಲ್ಪ ಸುಸ್ಸ್ ಅನ್ನೋದು ಎಲ್ಲದ್ರಲ್ಲೂ ಇರುತ್ತೆ ಆದ್ರೆ ಕೂತ ಜಾಗಕ್ಕೇ ಕೇಳ್ಸೋ ಹಂಗಿರ್ಬಾರ್ದು. ಸಬ್‌ನಲ್ಲಿ ಗುಂಯ್ ಅಂತ ಒಂದೇ ಸಮ ಸದ್ದು ಇದ್ರೆ ಅದು ಕರೆಂಟಿನ 50 ಹರ್ಟ್ಜ್ ಇಲ್ಲ ಅದರ ಡಬಲ್ 100, ಫಿಲ್ಟರ್ ಕೆಪಾಸಿಟರ್ ಸಣ್ಣದು ಹಾಕಿರ್ತಾರೆ, ರಾತ್ರಿ ಮನೆ ತಣ್ಣಗಿದ್ದಾಗ ಅದು ತಲೆ ತಿನ್ನುತ್ತೆ. ಆಮೇಲೆ ವಾಲ್ಯೂಮ್‌ನ ತೀರಾ ಕೆಳಗೆ ಇಟ್ಟು ಕೇಳಿ, ಅಗ್ಗದ ತಿರುಗಣೆಯಲ್ಲಿ ಕಮ್ಮಿ ಸದ್ದಲ್ಲಿ ಎಡಗಡೆ ಒಂಥರ ಬಲಗಡೆ ಒಂಥರ ಬರುತ್ತೆ, ಕೆಲವು ಸೆಟ್‌ನಲ್ಲಿ ಒಂದು ಕಡೆ ಪೂರ್ತಿ ಬಂದೇ ಇರಲ್ಲ. ರಾತ್ರಿ ಮಕ್ಕಳು ಮಲಗಿದ್ಮೇಲೆ ಕೇಳೋರಿಗೆ ಇದು ದಿನಾ ಕಾಡೋ ತೊಂದ್ರೆ.

ಸಬ್ ಪಕ್ಕದಲ್ಲೋ ಮುಂದೆನೋ ಒಂದು ತೂತು ಇರುತ್ತೆ, ಪೋರ್ಟ್ ಅಂತಾರೆ. ಬಾಸ್ ಜೋರಿದ್ದಾಗ ಅಲ್ಲಿ ಕೈ ಹಿಡೀರಿ, ಗಾಳಿ ಬರೋದು ಸರಿ, ಆದ್ರೆ ಫುಸ್ ಫುಸ್ ಅಂತ ಗಾಳಿ ಸದ್ದೇ ಕೇಳ್ಬಾರ್ದು. ಬಾಕ್ಸ್ ಮೇಲೆ ಅಂಗೈ ಇಟ್ಟು ನೋಡಿ, ಪ್ಲಾಸ್ಟಿಕ್ ಬಾಕ್ಸ್ ಪೂರ್ತಿ ನಡುಗ್ತಿದ್ರೆ ಆ ನಡುಕವೇ ನಿಮಗೆ ಬಾಸ್ ಅಂತ ಕೇಳ್ಸ್ತಿರೋದು. ಎಂಡಿಎಫ್ ಮರದ ಬಾಕ್ಸ್ ಭಾರ ಇರುತ್ತೆ ಕಮ್ಮಿ ನಡುಗುತ್ತೆ. ಭಾರ ಇದ್ದ ಮಾತ್ರಕ್ಕೆ ಒಳ್ಳೇದು ಅಂತಲೂ ಅಲ್ಲ, ಹಳೇ ಕಾಲದ ಟ್ರಾನ್ಸ್‌ಫಾರ್ಮರ್ ಇದ್ರೂ ಭಾರ ಇರುತ್ತೆ.

ನಮ್ಮ ಮಳೆ, ನಮ್ಮ ಕರೆಂಟು

ಬೆಂಗಳೂರಲ್ಲಿ ಕೂತು ರಿವ್ಯೂ ಮಾಡೋರು ಇದನ್ನ ಹೇಳಲ್ಲ, ಅವರಿಗೆ ಬೇಕಾಗಿಯೂ ಇಲ್ಲ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗೋದು ಬರೋದು ಲೆಕ್ಕಕ್ಕಿಲ್ಲ, ಹಂಗಾಗಿ ಕರೆಂಟ್ ಹೋಗಿ ಬಂದ್ಮೇಲೆ ಸೆಟ್ ಏನು ಮಾಡುತ್ತೆ ಅಂತ ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿ ನೋಡಿ. ರಿಮೋಟ್, ಬ್ಲೂಟೂತ್ ಇರೋ ಕೆಲವು ಸೆಟ್ಟು ಕರೆಂಟ್ ಬಂದಾಗ ತನ್ನ ಪಾಡಿಗೆ ಬ್ಲೂಟೂತ್ ಮೋಡ್‌ಗೆ ಹೋಗಿ ವಾಲ್ಯೂಮ್ ಒಂದು ಲೆವೆಲ್‌ಗೆ ತಂದ್ಕೊಂಡು ಹೆಂಗಸ್ರ ಧ್ವನಿಯಲ್ಲಿ ಜೋರಾಗಿ ಕೂಗುತ್ತೆ, ರಾತ್ರಿ ಎರಡು ಗಂಟೆಗೆ ಕರೆಂಟ್ ಬಂದ್ರೂ ಕೂಗುತ್ತೆ. ಕೈಯಲ್ಲಿ ತಿರುಗ್ಸೋ ಹಳೇ ಥರದ ವಾಲ್ಯೂಮ್ ನಾಬ್ ಇರೋ ಸೆಟ್‌ನಲ್ಲಿ ಈ ಕಾಟ ಇಲ್ಲ, ಇಟ್ಟ ಜಾಗದಲ್ಲೇ ಇರುತ್ತೆ.

ಇನ್ವರ್ಟರ್ ಇರೋರು ಅದು ಸೈನ್ ವೇವಾ ಸ್ಕ್ವೇರ್ ವೇವಾ ನೋಡ್ಕೊಳ್ಳಿ. ಸ್ಕ್ವೇರ್ ವೇವ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಇರೋ ಸಬ್ ಗುರ್ ಅನ್ನುತ್ತೆ, ಫ್ಯಾನ್ ಗುರ್ ಅನ್ನೋ ಹಂಗೇ. ಸೆಟ್ ಕೆಟ್ಟಿದೆ ಅಂತ ಗಾಬರಿ ಬೇಡ, ಕರೆಂಟ್ ಬಂದಾಗ ನಿಲ್ಲುತ್ತೆ. ಆದ್ರೆ ಗಂಟೆಗಟ್ಲೆ ಹಂಗೇ ಓಡಿಸ್ಬೇಡಿ, ಬಿಸಿ ಆಗುತ್ತೆ.

ಏಪ್ರಿಲ್ ಮೇ ಗುಡುಗು ಶುರು ಆದ್ರೆ ಸ್ಪೈಕ್ ಗಾರ್ಡ್ ಇದೆ ಅಂತ ಧೈರ್ಯ ತಗೋಬೇಡಿ, ಹತ್ರ ಸಿಡಿಲು ಬಿದ್ರೆ ಅದು ತಡೆಯಲ್ಲ. ಪ್ಲಗ್ ಕಿತ್ತಿಡಿ. ತಾಮ್ರದ ವೈರಲ್ಲಿ ಬ್ರಾಡ್‌ಬ್ಯಾಂಡ್ ಬರೋ ಮನೆ ಆದ್ರೆ ಅಲ್ಲಿಂದ ರೂಟರ್, ರೂಟರಿಂದ ಕಂಪ್ಯೂಟರ್, ಕಂಪ್ಯೂಟರಿಂದ ಆಕ್ಸ್ ವೈರಲ್ಲಿ ಸ್ಪೀಕರ್‌ವರೆಗೂ ಬರ್ಬೋದು, ಅದನ್ನೂ ಕಿತ್ತಿಡೋದು ಒಳ್ಳೇದು.

ಶೀತದ ವಿಷ್ಯ. ಆಷಾಢದಲ್ಲಿ ನೆಲನೇ ಬೆವರೋ ಮನೆಗಳಿವೆ, ಬಟ್ಟೆ ಒಣಗಲ್ಲ, ಬೀರು ಒಳಗೆ ಬೂಸ್ಟು ಹಿಡಿಯುತ್ತೆ. ಎಂಡಿಎಫ್ ನೀರು ಕುಡಿದ್ರೆ ಉಬ್ಬಿ ಬಾಯಿ ಬಿಡುತ್ತೆ, ಸಬ್‌ನ ನೇರ ನೆಲದ ಮೇಲೆ ಇಡ್ದೆ ಒಂದು ಹಲಗೆ ಮೇಲೆ ಇಡಿ, ಹೊರಗಿನ ಗೋಡೆಗೆ ಒತ್ತಿ ಇಡ್ಬೇಡಿ. ಕೋನ್ ಸುತ್ತ ಇರೋ ಅಂಚು ರಬ್ಬರ್‌ದಾ ಫೋಮ್‌ದಾ ಅಂತ ಬೆರಳಲ್ಲಿ ಮೆಲ್ಲಗೆ ಮುಟ್ಟಿ ನೋಡಿ, ಫೋಮ್ ನಮ್ಮ ಹವಾಗೆ ವರ್ಷ ಕಳೆದಂಗೆ ಪುಡಿಪುಡಿ ಆಗುತ್ತೆ, ರಬ್ಬರ್ ತಡೆಯುತ್ತೆ. ಮಳೆಗಾಲದಲ್ಲಿ ಸೆಟ್‌ನ ತಿಂಗಳುಗಟ್ಲೆ ಮುಚ್ಚಿಡೋದಕ್ಕಿಂತ ದಿನಾ ಸ್ವಲ್ಪ ಹೊತ್ತು ಹಾಕಿ, ಒಳಗಿನ ಬಿಸಿಗೆ ತೇವ ಆರುತ್ತೆ. ವಾಲ್ಯೂಮ್ ತಿರುಗ್ಸಿದಾಗ ಕರಕರ ಅಂದ್ರೆ ನಾಬ್ ಒಳಗೆ ಕಿಲುಬು ಹಿಡಿದಿದೆ ಅಂತ, ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಹೊಡೆದು ನಾಕು ಸಲ ತಿರುಗ್ಸಿದ್ರೆ ಹೋಗುತ್ತೆ. ಪೋರ್ಟ್ ತೂತಿಗೆ ತೆಳು ಸೊಳ್ಳೆ ಪರದೆ ತುಂಡು ಅಂಟ್ಸಿ, ಜಿರಳೆ, ಇರುವೆ, ಹಲ್ಲಿ ಎಲ್ಲಕ್ಕೂ ಆ ಬೆಚ್ಚಗಿನ ಜಾಗ ಬಹಳ ಇಷ್ಟ.

ಮನೆ ಥರನೂ ಲೆಕ್ಕಕ್ಕೆ ಬರುತ್ತೆ. ಹತ್ತಡಿ ಹತ್ತಡಿ ಆರ್‌ಸಿಸಿ ರೂಮಲ್ಲಿ 56 ಹರ್ಟ್ಜ್ ಸುತ್ತಮುತ್ತ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಉಬ್ಬುತ್ತೆ, ಚೌಕ ರೂಮಾದ್ರೆ ಎರಡೂ ಕಡೆಯಿಂದ ಒಂದೇ ಸ್ವರ ಉಬ್ಬುತ್ತೆ, ಮೂಲೆಯಲ್ಲಿ ಸಬ್ ಇಟ್ರೆ ಇನ್ನೂ ಜಾಸ್ತಿ. ಅಂಥ ರೂಮಿಗೆ ಸಣ್ಣ ಸಬ್ಬೇ ಸರಿ, ಮೂಲೆಯಿಂದ ಒಂದೆರಡು ಅಡಿ ಈಚೆಗೆ ತನ್ನಿ. ಹೆಂಚಿನ ಮನೆಯಲ್ಲಿ ಮಾಡು ಇಳಿಜಾರು, ಮೇಲೆ ಸಂದಿ, ಬಾಸ್ ಹೊರಗೆ ಸೋರಿಹೋಗುತ್ತೆ, ಅಲ್ಲಿ ಸ್ವಲ್ಪ ದೊಡ್ಡ ಸಬ್ ಇದ್ರೂ ಗುಂಯ್ ಅನ್ನಲ್ಲ. ಮತ್ತೆ ಶೀಟಿನ ಮನೆಯಲ್ಲಿ ಜಡಿಮಳೆ ಹೊಯ್ವಾಗ ಮಾತು ಕೇಳ್ಸೋಕೆ ಬೇಕಾಗೋದು ಬಾಸ್ ಅಲ್ಲ, ಸಣ್ಣ ಬಾಕ್ಸ್ ಚೂಪಾಗಿರೋದು, ಅದಕ್ಕೂ ನಾನು ಮತ್ತೆ ಮತ್ತೆ ಸಣ್ಣ ಬಾಕ್ಸ್ ಅಂತಿರೋದು.

ಕನೆಕ್ಷನ್ ಬಗ್ಗೆ ಬೇಗ ಮುಗಿಸ್ತೀನಿ

ಕಂಪ್ಯೂಟರ್‌ಗೆ ವೈರೇ ಒಳ್ಳೇದು. ಬ್ಲೂಟೂತ್‌ನಲ್ಲಿ ಸದ್ದು ಒಂದು ಸೆಕೆಂಡಿನ ಹತ್ತನೇ ಭಾಗ, ಐದನೇ ಭಾಗ ತಡವಾಗಿ ಬರೋದು ಮಾಮೂಲು, ವಿಡಿಯೋ ಪ್ಲೇಯರ್‌ಗಳು ಸರಿ ಮಾಡ್ಕೊಳ್ಳುತ್ವೆ, ಗೇಮಲ್ಲಿ ಗುಂಡು ಹೊಡೆದ್ಮೇಲೆ ಸದ್ದು ಬರುತ್ತೆ. ಬ್ಲೂಟೂತ್ ಇದ್ರೆ ಮೊಬೈಲ್‌ಗೆ ಅನುಕೂಲ ಅಷ್ಟೇ. ಎಫ್‌ಎಂ ಇದ್ರೆ ಆಕಾಶವಾಣಿ ಹಾಸನ 102.2 ಹಿಡಿಯುತ್ತಾ ಅಂತ ಮನೆಯಲ್ಲಿ ನೋಡ್ಬೇಕು, ಗುಡ್ಡದ ಮರೆಯಲ್ಲಿದ್ರೆ ಕಷ್ಟ, ಜೊತೆಗೆ ಕೊಡೋ ಗೇಣುದ್ದ ವೈರ್ ಆಂಟೆನಾಕ್ಕೆ ಅದು ಸಾಲಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ಹಾಕಿದಾಗ ಮಾತ್ರ ಜುಯ್ ಅನ್ನೋದು, ಕಿತ್ರೆ ನಿಲ್ಲೋದು, ಇದು ಗ್ರೌಂಡ್ ಲೂಪ್, ಅಂದ್ರೆ ಅರ್ಥಿಂಗ್ ಎರಡು ದಾರಿಯಲ್ಲಿ ಸುತ್ತಿ ಬರೋ ತೊಂದ್ರೆ, ಸ್ಪೀಕರ್ ತಪ್ಪಲ್ಲ. ಗ್ರೌಂಡ್ ಲೂಪ್ ಐಸೊಲೇಟರ್ ಅಂತ ಕೆಲವು ನೂರು ರೂಪಾಯಿಗೆ ಸಿಗುತ್ತೆ, ಆಕ್ಸ್ ವೈರ್ ಮಧ್ಯೆ ಹಾಕಿದ್ರೆ ಆಯ್ತು. ಡೆಸ್ಕ್‌ಟಾಪ್ ಆದ್ರೆ ಮುಂದಿನ ಜಾಕ್ ಬಿಟ್ಟು ಹಿಂದಿರೋ ಹಸಿರು ಜಾಕ್‌ಗೆ ಹಾಕಿ, ಮುಂದಿನದಕ್ಕೆ ಕ್ಯಾಬಿನೆಟ್ ಒಳಗೆ ಉದ್ದ ವೈರ್ ಹೋಗಿರುತ್ತೆ, ಗಲಾಟೆ ಎಲ್ಲ ಅದರಲ್ಲಿ ಸೇರ್ಕೊಳ್ಳುತ್ತೆ.

ಹಂಗಾದ್ರೆ ಯಾವ್ದು?

ಬೆಲೆ ದಿನಕ್ಕೊಂದು ಥರ ಇರುತ್ತೆ, ಹಬ್ಬದ ಸೇಲ್‌ನಲ್ಲಿ ಇಳಿಯುತ್ತೆ, ಹಂಗಾಗಿ ಹತ್ತಿರ ಹತ್ತಿರದ ಬಜೆಟ್ ಇಟ್ಕೊಂಡು ಹೇಳ್ತೀನಿ.

ಎರಡು ಸಾವಿರದ ಆಸುಪಾಸು. ಇಲ್ಲಿ ನನ್ನ ಮತ ಕ್ರಿಯೇಟಿವ್ ಪೆಬಲ್ ಕಡೆಗೆ, ಅದು 2.0, ಬರೀ ಯುಎಸ್‌ಬಿ ಕರೆಂಟಲ್ಲಿ ಓಡುತ್ತೆ. ಉಂಡೆ ಥರದ ಬಾಕ್ಸಲ್ಲಿ ಡ್ರೈವರ್‌ನ (ಸದ್ದು ಮಾಡೋ ಕೋನ್) 45 ಡಿಗ್ರಿ ಮೇಲಕ್ಕೆ ತಿರುಗ್ಸಿ ಕೂರ್ಸಿದ್ದಾರೆ, ಟೇಬಲ್ ಮೇಲಿಟ್ರೆ ನೇರ ಕಿವಿಗೆ ಬರುತ್ತೆ, ಮಾತಂತೂ ತುಂಬ ಸ್ಪಷ್ಟ. ಸಬ್ ಬೇಕೇ ಬೇಕು ಅಂದ್ರೆ ಅದರದ್ದೇ ಪೆಬಲ್ ಪ್ಲಸ್ ಇದೆ, ನಾಕು ಇಂಚಿನ ಸಬ್ ಜೊತೆಗೆ ಬರುತ್ತೆ, ಆದ್ರೆ ಒಟ್ಟು ಪವರ್ 8 ವಾಟ್ ಆರ್‌ಎಂಎಸ್ಸೇ, ಟೇಬಲ್ ಬಿಟ್ಟು ಮಂಚಕ್ಕೆ ಹೋದ್ರೆ ಸಾಲಲ್ಲ. ಕರೆಂಟ್ ಇಲ್ದಾಗ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಇವು ಓಡೋದು ನಮ್ಮ ಕಡೆಗೆ ದೊಡ್ಡ ಅನುಕೂಲ. ಲಾಜಿಟೆಕ್ ಝಡ್213 ಇದೇ ಬೆಲೆ ಸಾಲಿಂದು, 7 ವಾಟ್, ಬಾಸ್ ತಿರುಗಣೆ ಸಬ್ ಹಿಂದೆ ಇದೆ, ಸಣ್ಣ ಮಕ್ಕಳ ಓದೋ ಟೇಬಲ್‌ಗೆ ಹೇಳಿ ಮಾಡ್ಸಿದಂಗಿದೆ.

ಎರಡೂವರೆಯಿಂದ ನಾಕು ಸಾವಿರ. ಹೆಚ್ಚು ಜನ ತಗೊಳ್ಳೋದು ಇಲ್ಲೇ, ಹೆಚ್ಚು ಗೊಂದಲನೂ ಇಲ್ಲೇ. ಲಾಜಿಟೆಕ್ ಝಡ್313 25 ವಾಟ್, ವೈರ್ ತುದಿಯಲ್ಲಿ ಒಂದು ಸಣ್ಣ ಕಂಟ್ರೋಲ್ ಇದೆ, ಅದರಲ್ಲಿ ವಾಲ್ಯೂಮು, ಆನ್ ಆಫು, ಹೆಡ್‌ಫೋನ್ ಜಾಕ್, ಕೈಗೆ ಸಿಗೋ ಹಂಗೆ ಟೇಬಲ್ ಮೇಲಿರುತ್ತೆ, ಸದ್ದು ಹದವಾಗಿದೆ, ಕೊರತೆ ಅಂದ್ರೆ ಬಾಸ್‌ಗೆ ಬೇರೆ ತಿರುಗಣೆ ಇಲ್ಲ. ಎಫ್ ಅಂಡ್ ಡಿ ಎ111ಎಕ್ಸ್ 35 ವಾಟ್, ಬ್ಲೂಟೂತು, ಎಫ್‌ಎಂ, ಯುಎಸ್‌ಬಿ, ರಿಮೋಟ್ ಎಲ್ಲ ಇದೆ, ಅದೇ ದುಡ್ಡಿಗೆ ಬಾಸ್ ಜಾಸ್ತಿ. ಇವೆರಡರ ಮಧ್ಯೆ ನನ್ನನ್ನ ಕೇಳಿದ್ರೆ ಬರೀ ಕಂಪ್ಯೂಟರ್ ಮುಂದೆ ಕೂರೋರಿಗೆ ಲಾಜಿಟೆಕ್, ಮನೆಯಲ್ಲಿ ಅಮ್ಮ ಬೆಳಗ್ಗೆ ಎಫ್‌ಎಂ ಕೇಳ್ತಾರೆ, ತಮ್ಮ ಮೊಬೈಲಲ್ಲಿ ಹಾಡು ಹಾಕ್ತಾನೆ, ಅಪ್ಪ ಪೆನ್ ಡ್ರೈವ್ ಚುಚ್ತಾರೆ ಅನ್ನೋ ಮನೆಗೆ ಎಫ್ ಅಂಡ್ ಡಿ. ಜೆಬ್ರಾನಿಕ್ಸ್ ಚೆನ್ನೈ ಕಂಪನಿ, ಈ ಬಜೆಟ್‌ನಲ್ಲಿ ಅವರದ್ದು ಸುಮಾರು ಮಾಡೆಲ್ ಇವೆ, ತಾಲ್ಲೂಕು ಅಂಗಡಿಗಳಲ್ಲೂ ಸಿಗುತ್ತೆ, ಮಾಡೆಲ್ ಹೆಸರು ಬದಲಾಗ್ತಾನೇ ಇರೋದ್ರಿಂದ ಹೆಸರು ನೋಡ್ದೆ ಆರ್‌ಎಂಎಸ್ ನೋಡಿ, ಮೇಲೆ ಹೇಳಿದ ಪರೀಕ್ಷೆ ಮಾಡಿ, ಪಾಸಾದ್ರೆ ಧೈರ್ಯವಾಗಿ ತಗೊಳ್ಳಿ.

ಇನ್ನೂ ಸ್ವಲ್ಪ ಹಾಕೋಕೆ ಆಗುತ್ತೆ ಅಂದ್ರೆ ಝಡ್333. ಬಾಸ್ ತಿರುಗಣೆ ಇದೆ, 3.5 ಎಂಎಂ (ಹೆಡ್‌ಫೋನ್ ಪಿನ್) ಜೊತೆ ಆರ್‌ಸಿಎ (ಕೆಂಪು ಬಿಳಿ ಪಿನ್) ಇನ್‌ಪುಟ್ ಇರೋದ್ರಿಂದ ಟಿವಿ ಕಂಪ್ಯೂಟರ್ ಎರಡೂ ಹಾಕಿಡ್ಬೋದು.

ಎಂಟು ಸಾವಿರಕ್ಕೆ ಬಂದ್ರೆ ಆಯ್ಕೆ ಚೆನ್ನಾಗಿದೆ. ಲಾಜಿಟೆಕ್ ಝಡ್407 40 ವಾಟ್, ವೈರ್ ಇಲ್ಲದ ದುಂಡನೆ ಡಯಲ್ ಟೇಬಲ್ ಮೇಲೆ ಇಟ್ಕೊಂಡು ಸದ್ದು ಏರ್ಸೋದು ಇಳ್ಸೋದು, ಯುಎಸ್‌ಬಿ ಮೂಲಕವೂ ಸದ್ದು ತಗೊಳ್ಳುತ್ತೆ. ಅದೇ ದುಡ್ಡಿಗೆ ಎಡಿಫೈಯರ್ ಆರ್1280ಟಿ, ನಾಕಿಂಚಿನ ವೂಫರು, ಮೇಲಿನ ಸ್ವರಕ್ಕೆ ಬೇರೆ ಟ್ವೀಟರು, ಮರದ ಬಾಕ್ಸು, 42 ವಾಟ್, ಬಾಸ್ ಟ್ರೆಬಲ್ ಎರಡಕ್ಕೂ ತಿರುಗಣೆ. ಸಬ್ ಇಲ್ಲ. ಹಾಡು ಪ್ರೀತಿಸೋರು ಇದನ್ನ ಒಂದ್ಸಲ ಕೇಳಿದ್ಮೇಲೆ ಅಗ್ಗದ 2.1 ಕಡೆ ವಾಪಸ್ ಹೋಗೋದು ಕಷ್ಟ, ತಂಬೂರಿ ಶ್ರುತಿ ಹಿಂದೆ ನಿಂತಿರೋದು, ಮೃದಂಗದ ಬಲಗೈ ಎಡಗೈ ಬೇರೆ ಬೇರೆ ಕೇಳ್ಸೋದು, ಹಾಡೋರು ಉಸಿರು ತಗೊಳ್ಳೋದು ಎಲ್ಲ ಗೊತ್ತಾಗುತ್ತೆ. ಗೇಮ್, ಸಿನಿಮಾ ಅಂದ್ರೆ ಮಾತ್ರ ಝಡ್407.

ಝಡ್623 ಅಂತ 200 ವಾಟ್‌ದೊಂದಿದೆ, ಟಿಎಚ್‌ಎಕ್ಸ್ ಅನ್ನೋ ಸಿನಿಮಾ ಸದ್ದಿನ ಗುಣಮಟ್ಟದ ಸರ್ಟಿಫಿಕೇಟ್ ಇರೋದು, ಅದು ಹಾಲಿಗೆ. ಹತ್ತಡಿ ರೂಮಿಗೆ ತಂದ್ರೆ ಯಾವತ್ತೂ ಕಾಲು ವಾಲ್ಯೂಮ್ ದಾಟಲ್ಲ.

ತಗೊಳ್ಳೋದು ಎಲ್ಲಿ

ಆನ್‌ಲೈನಲ್ಲಿ ಮುನ್ನೂರು ನಾನೂರು ಕಮ್ಮಿ ಇರುತ್ತೆ, ನಿಜ. ಆದ್ರೆ ಕೆಟ್ರೆ ಸರ್ವಿಸ್ ಸೆಂಟರ್ ಎಲ್ಲಿದೆ ಅಂತ ತಗೊಳ್ಳೋಕೆ ಮುಂಚೆನೇ ಕಂಪನಿ ನಂಬರ್‌ಗೆ ಫೋನ್ ಮಾಡಿ ಕೇಳಿ, ಜಿಲ್ಲೆಯಲ್ಲಿ ಇಲ್ದೆ ಹಾಸನಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಹೊತ್ಕೊಂಡು ಹೋಗ್ಬೇಕು ಅಂದ್ರೆ ಸಬ್ ಭಾರಕ್ಕೆ ಬಸ್ ಲಗೇಜು, ಒಂದು ದಿನದ ಕೆಲಸ, ಆ ನಾನೂರು ಅಲ್ಲೇ ಹೋಯ್ತು. ಊರಿನ ಅಂಗಡಿಯವ್ರು ವಾರಂಟಿಗೆ ತಾವೇ ಕಳಿಸಿ ತರ್ಸಿಕೊಡ್ತೀವಿ ಅಂದ್ರೆ ಅದನ್ನ ಬಿಲ್ ಮೇಲೆ ಬರ್ಸ್ಕೊಳ್ಳಿ, ಸೀರಿಯಲ್ ನಂಬರೂ ಬಿಲ್ ಮೇಲೆ ಇರ್ಲಿ.

ವಾರಂಟಿ ಮುಗಿದ್ಮೇಲೆ ಕೆಟ್ರೆ ಬಿಸಾಡ್ಬೇಡಿ. ಟ್ರಾನ್ಸ್‌ಫಾರ್ಮರ್ ಇರೋ ಸೆಟ್‌ಗಳಲ್ಲಿ ಸುಮಾರಷ್ಟಕ್ಕೆ ಟಿಡಿಎ2030 ಅನ್ನೋ ಐಸಿ ಹಾಕಿರ್ತಾರೆ, ಟಿವಿ ರಿಪೇರಿ ಮಾಡೋ ಯಾರಿಗಾದ್ರೂ ಗೊತ್ತಿರೋ ಐಸಿ ಅದು, ಅಗ್ಗ, ಬೆಸುಗೆ ಹಾಕಿ ಬದಲಾಯಿಸ್ಬೋದು. ತಲೆ ಉಬ್ಬಿದ ಕೆಪಾಸಿಟರ್ ಕಣ್ಣಿಗೇ ಕಾಣುತ್ತೆ, ಅದೂ ಅಷ್ಟೇ. ಈಗಿನ ಸಣ್ಣ ಡಿಜಿಟಲ್ ಬೋರ್ಡ್ ಸೆಟ್‌ಗಳಲ್ಲಿ ಆ ಭಾಗ್ಯ ಇಲ್ಲ, ಬೋರ್ಡೇ ಬದಲಾಯಿಸ್ಬೇಕು, ಬೋರ್ಡ್ ಸಿಗಲ್ಲ. ಹಳೇ ಸೆಕೆಂಡ್ ಹ್ಯಾಂಡ್ ಸೆಟ್ ಯಾರಾದ್ರೂ ಕೊಡ್ತೀನಿ ಅಂದ್ರೆ ಮುಂದಿನ ಜಾಲರಿ ತೆಗೆದು ಕೋನ್ ಅಂಚು ಹರಿದಿದ್ಯಾ ನೋಡಿ, ಸಬ್‌ನ ಕೋನ್‌ನ ನಾಕೂ ಬೆರಳಲ್ಲಿ ಸಮವಾಗಿ ಮೆಲ್ಲಗೆ ಒತ್ತಿ ಬಿಡಿ, ಒಳಗೆ ಕರ್ ಅಂತ ಉಜ್ಜೋ ಸದ್ದು ಬಂದ್ರೆ ಕಾಯಿಲ್ ತಾಗ್ತಿದೆ, ಎಷ್ಟೇ ಕಮ್ಮಿಗೆ ಕೊಟ್ರೂ ಬೇಡ. ಸದ್ದಿಲ್ದೆ ಹೋಗಿ ಬಂದ್ರೆ ಅರ್ಧ ಬೆಲೆಗೆ ಕೇಳಿ, ಅದಕ್ಕಿಂತ ಜಾಸ್ತಿ ಕೊಡ್ಬೇಡಿ.